ಭೀಮಪ್ಪ ಮಾಮಾನ ದನಿಯಲ್ಲಿ ನಾನಾಡಿದ ಮಾತು

ಕಾಕಾ, ಆ ಗುರುವಾರ ಸಂಜೆ ನಿನಗೆ ಫೋನು ಮಾಡಿ, "ದೋಸ್ತ, ಹಿಂದಿನ ಟಯರ್ ಇನ್ನೂ ಒಂದ ಸಾವಿರ ಕಿಲೋಮೀಟರ್ ಆರಾಮ ಓಡತೈತಿ, ಚಿಂತಿ ಬಿಡು" ಎಂದವನು ಯರಗಟ್ಟಿಯ ಭೀಮಪ್ಪ ಮಾಮಾ ಅಲ್ಲ. ನಾನು. ನಿನ್ನ ಮನೆಯ ಹಿತ್ತಲಲ್ಲಿ, ನೀರಿನ ಟಾಕಿಯ ಹಿಂದೆ ನಿಂತು, ಮೂಗನ್ನು ಎರಡು ಬೆರಳಲ್ಲಿ ತುಸು ಒತ್ತಿ ಹಿಡಿದು, ಅವರ ದನಿ ತೆಗೆದು ಮಾತಾಡಿದವನು ನಿನ್ನ ಅಣ್ಣನ ಮಗ, ನಿನ್ನ ಗಿಣಿ.

ಈ ನಾಲ್ಕು ಸಾಲು ಬರೆಯಲು ನನಗೆ ಐದು ವರ್ಷ ಹಿಡಿಯಿತು. ಬಾಯಿಯಿಂದ ಹೇಳಬಹುದಿತ್ತು — ದಿನಕ್ಕೆ ಹತ್ತು ಸಲ ನಿನ್ನ ಎದುರು ಬಾಯಿ ತೆರೆಯುತ್ತೇನೆ. ಆದರೆ ತೆರೆದಾಗಲೆಲ್ಲ ಅದರಿಂದ ಬೇರೆ ಯಾರೋ ಹೊರಗೆ ಬರುತ್ತಾರೆ. ಸವದತ್ತಿ ಬಸ್ಸಿನ ಕಂಡಕ್ಟರ್, ನಮ್ಮ ಸಾಲಿಯ ಹೆಡ್ ಮಾಸ್ತರ್, ಗೊರಕೆ ಹೊಡೆಯುವ ಆಯಿ, ಗೊರಕೆ ಹೊಡೆಯುವುದೇ ಇಲ್ಲ ಎಂದು ಜಗಳಕ್ಕೆ ನಿಲ್ಲುವ ಆಯಿ. ನೀನು ಹೊಟ್ಟೆ ಹಿಡಿದು ನಗುತ್ತೀ. ನಿನ್ನ ನಗುವನ್ನೂ ನಾನು ಮಾಡಿ ತೋರಿಸುತ್ತೇನೆ. ಆಗ ಇನ್ನೂ ಜೋರಾಗಿ ನಗುತ್ತೀ. ಅಂಥ ಹೊತ್ತಿನಲ್ಲಿ ಈ ಮಾತನ್ನು ಎಲ್ಲಿ ಇಡಲಿ?

ಅದಕ್ಕೇ ಕಾಗದ. ಕಾಗದದ ಮೇಲೆ ಮಿಮಿಕ್ರಿ ಬರುವುದಿಲ್ಲ — ಅಂದುಕೊಂಡಿದ್ದೇನೆ.

ಮೊದಲಿನಿಂದ ಹೇಳುತ್ತೇನೆ. ನಿನಗೆ ಗೊತ್ತಿರುವುದನ್ನೂ ಹೇಳುತ್ತೇನೆ, ಏಕೆಂದರೆ ನಿನಗೆ ಗೊತ್ತಿರುವುದರಲ್ಲಿ ಅರ್ಧ ನಾನು ಮಾಡಿಟ್ಟ ಸುಳ್ಳು.

ನೀನು ಐವತ್ತಕ್ಕೆ ಬಿದ್ದ ವರ್ಷ ಆ ಕ್ರೂಸರ್ ಬೈಕು ತಂದೆ. ಬೈಲಹೊಂಗಲದಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟವನಿಗೆ ಅಷ್ಟು ಉದ್ದದ ಗಾಡಿ ಯಾಕೆ ಎಂದು ಓಣಿಯೆಲ್ಲ ನಕ್ಕಿತು. ತಗ್ಗಿನ ಸೀಟು, ಅಗಲ ಹ್ಯಾಂಡಲ್ಲು, ಮುಂದಕ್ಕೆ ಚಾಚಿದ ಕಾಲು, ಹಿಂದೆ ನಮ್ಮ ಆಯಿಯ ದಿಂಬಿನಷ್ಟು ದಪ್ಪ ಟಯರ್. ಕಾಕು ಮಾತ್ರ ರಾಮದುರ್ಗದ ತವರುಮನೆಗೆ ಫೋನು ಹಚ್ಚಿ, "ನಮ್ಮವರು ಎಮ್ಮಿ ತಂದಾರ, ಹಾಲ ಕೊಡೂದಿಲ್ಲ, ಬರೇ ಡುಗುಡುಗು ಅಂತೈತಿ" ಅಂದಳು. ನೀನು ಅದಕ್ಕೆ ಗೌಡ್ತಿ ಎಂದು ಹೆಸರಿಟ್ಟೆ. ಗೌಡ್ತಿಯ ಹಾಗೆಯೇ ನಡೆಯುತ್ತಿತ್ತು ಅದು — ಅವಸರವಿಲ್ಲ, ಯಾರಿಗೂ ದಾರಿ ಬಿಡುವುದಿಲ್ಲ.

ಗೌಡ್ತಿಯ ಟಯರಿಗೆ ಯರಗಟ್ಟಿಯಲ್ಲಿ ಟಯರ್ ಅಂಗಡಿ ಇಟ್ಟ ಭೀಮಪ್ಪ ಮಾಮಾನ ಹೊರತು ಬೇರೆ ಯಾರ ಕೈಯೂ ತಾಗಬಾರದಿತ್ತು. ನಿಮ್ಮಿಬ್ಬರ ದೋಸ್ತಿ ಗಾಡಿಗಿಂತ ಹಳೆಯದು. ನೀನು ಯರಗಟ್ಟಿಯ ಸಂತೆಗೆ ಬೀಜದ ಚೀಲ ಹೊತ್ತು ಹೋಗುತ್ತಿದ್ದ ಕಾಲದ್ದು. ಅಮಾವಾಸ್ಯೆ ಬಂತೆಂದರೆ ನೀನು ಅಂಗಡಿ ಮುಚ್ಚಿ ಯರಗಟ್ಟಿಗೆ ಹೋಗುವುದು, ಅವರು ಗಾಳಿ ನೋಡುವುದು, ಆಮೇಲೆ ಇಬ್ಬರೂ ಗೌಡ್ತಿಯ ಮೇಲೆ ಸಿರಸಂಗಿಗೆ ಹೋಗಿ ಮಿರ್ಚಿ ಭಜಿ ತಿಂದು, ಯಾವ ಕಾಲದ ಮಿರ್ಚಿ ಹೆಚ್ಚು ಖಾರ ಇತ್ತು ಎಂದು ಜಗಳಾಡುತ್ತ ಬರುವುದು. ಹೊಸ ಟಯರ್ ಹಾಕಿದ ದಿನ ನೀನು ಚಕ್ರದ ಕೆಳಗೆ ನಿಂಬೆಹಣ್ಣು ಇಡುತ್ತಿದ್ದೆ. ಅವರ ಅಂಗಡಿಯ ಗೋಡೆಯ ಮೇಲೆ ಬುದ್ಧನ ಫೋಟೋ ಒಂದೇ. ನಿಂಬೆಹಣ್ಣು ಕಂಡು ನಗುತ್ತಿದ್ದರು. "ಇಡು ದೋಸ್ತ, ಇಡು. ನಿಂಬಿಹಣ್ಣ ನಿನ್ನ ಸಮಾಧಾನಕ್ಕ, ಗಾಳಿ ನನ್ನ ಸಮಾಧಾನಕ್ಕ" ಎನ್ನುತ್ತಿದ್ದರು.

ಮೂಗಿನಿಂದ ಹೊರಡುವ ಆ ದನಿ, ಮಾತು ಮಾತಿಗೆ ಒಂದು "ಹಂಗಲ್ಲ", ನಡುವೆ ಸಣ್ಣ ಕೆಮ್ಮು — ನನ್ನಂಥವನಿಗೆ ಬಾಳೆಹಣ್ಣು ಸುಲಿದು ಕೊಟ್ಟ ಹಾಗೆ. ಹದಿನಾರಕ್ಕೇ ಅದು ನನಗೆ ಕೂತಿತ್ತು. ಅವರ ಎದುರೇ ಮಾಡಿ ತೋರಿಸಿದ್ದೆ. ಅವರು ನಟ್ಟು ಬಿಚ್ಚುತ್ತಿದ್ದ ಪಾನಾ ಕೆಳಗಿಟ್ಟು, "ಏ ಹುಡುಗಾ, ನಾ ಊರಾಗ ಇರಲಿಲ್ಲಂದ್ರ ಅಂಗಡ್ಯಾಗ ನೀನ ಕುಂದರಪಾ" ಎಂದು ಬೆನ್ನು ಚಪ್ಪರಿಸಿದರು. ಬೆನ್ನ ಮೇಲೆ ಐದು ಕರಿ ಬೆರಳು ಮೂಡಿದವು. ಆ ಅಂಗಿಯನ್ನು ಕಾಕು ಇನ್ನೂ ಒಗೆಯುತ್ತಲೇ ಇದ್ದಾಳೆ.

ಇನ್ನು ಆ ಜೂನ್ ತಿಂಗಳು. ನನಗೆ ಹತ್ತೊಂಬತ್ತು. ಕಿತ್ತೂರಿನ ಕಾಲೇಜೊಂದರಲ್ಲಿ ಭಾನುವಾರ ನನ್ನ ಮಿಮಿಕ್ರಿ. ಮೊದಲ ಸಲ ನನ್ನ ಹೆಸರನ್ನು ಬ್ಯಾನರಿನ ಮೇಲೆ ಬರೆಸಿದ್ದರು. ಅಂಥವನು ಅಪ್ಪನ ಟಿವಿಎಸ್ ಮೇಲೆ ಟುರ್ರ್ ಎಂದು ಹೋಗಿ ಇಳಿಯುವುದೆ? ಗೌಡ್ತಿ ಬೇಕಿತ್ತು. ನೀನು ಒಂದೇ ಕರಾರು ಹಾಕಿದೆ: "ಹಿಂದಿನ ಟಯರ್ ಭೀಮಪ್ಪಗ ತೋರ್ಸು. ಅವ ಹೂಂ ಅಂದ್ರ ಒಯ್ಯಿ. ಅವ ಅಂದ್ರ ಮುಗೀತು, ಮತ್ತ ನನ್ನ ಕೇಳಬ್ಯಾಡ."

ಗುರುವಾರ ಬೆಳಿಗ್ಗೆ ಯರಗಟ್ಟಿಗೆ ಹೋದೆ. ಮಾಮಾ ಗಾಡಿಯನ್ನು ಸ್ಟ್ಯಾಂಡಿಗೆ ಹಾಕಿ, ಟಯರಿನ ಮೇಲೆ ಅಂಗೈ ಎಳೆದರು — ಒಮ್ಮೆ ಮುಂದಕ್ಕೆ, ಒಮ್ಮೆ ಹಿಂದಕ್ಕೆ, ದನದ ಬೆನ್ನು ಸವರಿದ ಹಾಗೆ. ಕಿವಿಯ ಹಿಂದಿನ ಬೆಂಕಿಕಡ್ಡಿ ತೆಗೆದು ಮದ್ದಿನ ತುದಿಯನ್ನು ಟಯರಿನ ಗೀರಿನಲ್ಲಿ ಇಳಿಸಿದರು. ಅವರ ಪರೀಕ್ಷೆ ಅಷ್ಟೇ ಎಂದು ನಿನಗೆ ಗೊತ್ತು. ಮದ್ದು ಪೂರಾ ಮುಳುಗಿದರೆ ಟಯರಿಗೆ ಆಯುಷ್ಯ ಇದೆ, ಹೊರಗೆ ಕಂಡರೆ ಮುಗಿಯಿತು. ಕಡ್ಡಿಯ ಕೆಂಪು ತಲೆ ಅರ್ಧಕ್ಕಿಂತ ಹೆಚ್ಚು ಹೊರಗೇ ಇತ್ತು.

"ಹಂಗಲ್ಲ ಹುಡುಗಾ, ಇಲ್ಲಿ ನೋಡು. ಬಾಜೂಕ ನಿಂತು ನೋಡಿದ್ರ ಹೊಸಾದ ಕಾಣತೈತಿ, ಅಂಚಿನ್ಯಾಗ ಗೀರ ಅದಾವ. ಹಿಂದ ಕುಂತ ನೋಡು. ನಡುವ ಸಾಲಿ ಬೆಂಚ ಹಂಗ ಸಪಾಟ ಆಗೇತಿ. ನಿಮ್ಮ ಕಾಕಾ ನೆಟ್ಟಗಿನ ರಸ್ತಾದಾಗ ಸಾಹೇಬ ಹಂಗ ಕುಂತ ಹೊಡೀತಾನಲ್ಲ, ಅದಕ್ಕ. ಗಾಡಿ ವಜನ, ಅವನ ವಜನ, ಎಲ್ಲಾ ನಡುವಿನ ಮ್ಯಾಲ. ತಿರುವಿನ್ಯಾಗ ಮಲಗ್ಸಿದಿ ಅಂದ್ರ ದುಂಡಗ ಹೊರಳೂದಿಲ್ಲ, ಅಂಚಿಗೆ ಬಂದು ಧಪ್ ಅಂತೈತಿ. ಅದ್ರಾಗ ಮಳಿ ಹಿಡದೈತಿ. ಗಾಡಿ ಇಲ್ಲೇ ಬಿಟ್ಟ ಹೋಗು."

"ಭಾನುವಾರ ಬೇಕ್ರಿ ಮಾಮಾ. ಈಗ ಬ್ಯಾರೇ ಯಾವದರ ಹಾಕಿ ಕೊಡ್ರಿ."

"ಯಾವದರ ಅಂದ್ರ? ಕಾಲಿಗಿ ಚಪ್ಪಲಿ ಏನು? ಇದರ ಅಳತೀದು ಹುಬ್ಬಳ್ಳಿಯಿಂದ ಬರಬೇಕು. ಸಣ್ಣದು ಹಾಕಿದ್ರ ಈ ವಜನ ತಡಿಯೂದಿಲ್ಲ. ಗಟ್ಟಿ ರಬ್ಬರಿಂದು ಹಾಕಿದ್ರ ವರ್ಷಾನಗಟ್ಲೆ ಸವಿಯೂದಿಲ್ಲ ಖರೆ, ಹಸಿ ರಸ್ತಾದಾಗ ಹಿಡಿಯೂದೂ ಇಲ್ಲ. ನಾಕೈದ ದಿವಸ ತಡಿ. ಸಂಜೀಕ ನಾನ ದೋಸ್ತಗ ಫೋನ ಮಾಡಿ ಹೇಳ್ತೇನಿ."

"ಬ್ಯಾಡ್ರಿ, ನಾನ ಹೇಳ್ತೇನಿ" ಎಂದೆ. ಕಾಕಾಗೆ ಇವತ್ತು ಗಾಡಿ ಬೇಕೇ ಬೇಕಂತೆ, ಶನಿವಾರ ತಂದು ಬಿಡುತ್ತೇವೆ ಎಂದೂ ಸೇರಿಸಿದೆ. ಮಾಮಾ ಗೊಣಗುತ್ತಲೇ ಬಿಟ್ಟರು. ನಾನು ಹೊರಡುವಾಗ, "ಸಾವಕಾಶ ಹೋಗಪಾ, ನೆಟ್ಟಗ ಹೋಗು" ಎಂದು ಕೂಗಿ ಹೇಳಿದರು.

ಮನೆಗೆ ಬಂದಾಗ ನೀನು ಕೇಳಿದೆ. "ಮಾಮಾನ ಫೋನ ಮಾಡ್ತಾರಂತ" ಎಂದೆ. ಸಂಜೆ ಟಾಕಿಯ ಹಿಂದೆ ಹೋಗಿ, ನಿನಗೆ ಗೊತ್ತಿರದ ನನ್ನ ಎರಡನೇ ಸಿಮ್ಮಿನಿಂದ ಹಚ್ಚಿದೆ. ನೀನು ಎಂದೂ ನಂಬರು ನೋಡುವುದಿಲ್ಲ, ಕನ್ನಡಕ ಹುಡುಕುವಷ್ಟರಲ್ಲಿ ಫೋನು ನಿಂತುಹೋಗುತ್ತದೆ ಎಂದು ದನಿಯನ್ನೇ ನಂಬುತ್ತೀ. "ಹಂಗಲ್ಲ ದೋಸ್ತ, ನನ್ನ ಫೋನ ಚಾರ್ಜಿಗಿ ಹಚ್ಚೇನಿ, ಬಾಜೂದವರದು ಇಸ್ಕೊಂಡ ಮಾಡೇನಿ" ಎಂದು ಶುರುಮಾಡಿದೆ. ಕೆಮ್ಮಿದೆ. ಕಡ್ಡಿ ಪೂರಾ ಮುಳುಗಿತು ಎಂದೆ. ನೀನು, "ನೀ ಅಂದಮ್ಯಾಲ ಆತು ಬಿಡಪಾ" ಅಂದೆ. ಫೋನು ಇಟ್ಟು ನನಗೆ ನಾನೇ ಬೆನ್ನು ಚಪ್ಪರಿಸಿಕೊಳ್ಳುವುದೊಂದು ಬಾಕಿ. ಅಷ್ಟು ಚೆನ್ನಾಗಿ ಬಂದಿತ್ತು ಅವತ್ತು — ನನ್ನ ಆಯುಷ್ಯದಲ್ಲೇ ಅಷ್ಟು ಚೆನ್ನಾಗಿ...

ಶನಿವಾರ ಗಾಡಿಯನ್ನು ಯರಗಟ್ಟಿಗೆ ಒಯ್ಯಲಿಲ್ಲ, ಭಾನುವಾರ ಕಿತ್ತೂರಿಗೆ ಗೌಡ್ತಿಯ ಮೇಲೆ ಹೋದೆ. ಹುಡುಗರು ಗಾಡಿಯ ಸುತ್ತ ನೆರೆದರು. ವೇದಿಕೆಯ ಮೇಲೆ ಎಲ್ಲಕ್ಕಿಂತ ದೊಡ್ಡ ಚಪ್ಪಾಳೆ ಬಿದ್ದದ್ದು ಭೀಮಪ್ಪ ಮಾಮಾನಿಗೆ, ಬೆಂಕಿಕಡ್ಡಿ ಹಿಡಿದು ಟಯರಿನ ಆಯುಷ್ಯ ನೋಡುವ ಪ್ರಸಂಗಕ್ಕೆ. ಆಯುಷ್ಯ ಮುಗಿದ ಟಯರ್ ಅದೇ ಕಾಲೇಜಿನ ಗೇಟಿನ ಬಳಿ ನಿಂತಿತ್ತು.

ಇಲ್ಲಿಯವರೆಗಿನದನ್ನು ಚೇಷ್ಟೆ ಎಂದು ಯಾರಾದರೂ ಅಂದಾರು. ಮುಂದಿನದನ್ನು ಅನ್ನಲಾರರು. ಬರುವಾಗ ಸಣ್ಣ ಮಳೆ. ಊರ ಹತ್ತಿರದ ತಿರುವಿನಲ್ಲಿ ಗೌಡ್ತಿಯ ಹಿಂಭಾಗ ಒಂದು ಗೇಣು ಜಾರಿತು. ಅವರು ಹೇಳಿದ ಹಾಗೆಯೇ — ಅಂಚಿಗೆ ಬಂದು ಧಪ್. ಕಾಲು ಊರಿ ಉಳಿದುಕೊಂಡೆ. ಅಂದರೆ ನನಗೆ ಗೊತ್ತಿತ್ತು ಕಾಕಾ. ಕಡ್ಡಿಯಿಂದ ಗೊತ್ತಿತ್ತು, ಮೈಯಿಂದಲೂ ಗೊತ್ತಾಗಿತ್ತು. ಆದರೂ ಸೋಮವಾರ ಬೆಳಿಗ್ಗೆ ನೀನು, "ಸವದತ್ತಿಗೆ ಹೋಗಿ ಬರ್ತೇನಿ, ಗಾಡಿ ಹೆಂಗ ಓಡತು?" ಎಂದು ಕೇಳಿದಾಗ ನಾನು ಚಾವಿ ಕೊಟ್ಟೆ. "ಬೆಣ್ಣಿ ಕಾಕಾ, ಬೆಣ್ಣಿ" ಎಂದೆ. ನಿನ್ನದೇ ದನಿಯಲ್ಲಿ ಎಂದೆ. ನೀನು ನಗುತ್ತ ಹೋದೆ.

ಸವದತ್ತಿ ಇನ್ನೂ ನಾಲ್ಕು ಮೈಲಿ ಇರುವಾಗ, ಹೊಲದಿಂದ ಬಂದ ಟ್ರ್ಯಾಕ್ಟರು ತಿರುವಿನಲ್ಲಿ ಉದುರಿಸಿ ಹೋಗಿದ್ದ ಹಸಿ ಎರೆಮಣ್ಣು. ಗೌಡ್ತಿ ಜಾರಿ ಬಿತ್ತು, ನಿನ್ನ ಬಲಗೈ ಮಣಿಕಟ್ಟು ಎರಡು ಕಡೆ ಮುರಿಯಿತು. ಒಳಗೆ ಪ್ಲೇಟು ಕೂರಿಸಿದರು. ಮಂಚದ ಮೇಲೆ ಮಲಗಿಯೂ ನೀನು ಎಲ್ಲರಿಗೂ ಹೇಳಿದ್ದು ಒಂದೇ ಮಾತು: "ಟಯರಿಂದು ತಪ್ಪಿಲ್ಲ, ಭೀಮಪ್ಪ ನೋಡ್ಯಾನ. ನಾನ ಮಣ್ಣ ನೋಡಲಿಲ್ಲ." ವಾರದ ನಂತರ ಗಾಡಿ ಮನೆಗೆ ಬಂತು. ನೀನು ಎಡಗೈಯಲ್ಲಿ ಒಂದು ಬೆಂಕಿಕಡ್ಡಿ ತೆಗೆದುಕೊಂಡು ಟಯರಿನ ಮುಂದೆ ಕುಕ್ಕರಗಾಲಲ್ಲಿ ಕೂತೆ. ಗೀರಿನ ಹೊರಗೇ ಉಳಿದ ಕಡ್ಡಿಯ ಕೆಂಪು ತಲೆಯನ್ನು ಬಹಳ ಹೊತ್ತು ನೋಡಿದೆ. ನಾನು ಬಾಗಿಲಲ್ಲಿ ನಿಂತಿದ್ದೆ. ಆಗಲಾದರೂ —

ಆಗಲೂ ಹೇಳಲಿಲ್ಲ.

ಅವತ್ತೇ ಯರಗಟ್ಟಿಗೆ ಹೋದೆವು. ಓಣಿಯವರೊಬ್ಬರ ಕಾರು ಕೇಳಿ ತಂದು ನಡೆಸಿದವನು ನಾನೇ. ಅಷ್ಟು ವರ್ಷ ದೋಸ್ತ ಎಂದೇ ಕರೆದವನನ್ನು ನೀನು ಅವತ್ತು ಅಂಗಡಿಯ ಬಾಗಿಲಲ್ಲಿ ನಿಂತು, "ಏನ್ರಿ ಭೀಮಪ್ಪನವರ" ಎಂದು ಕರೆದೆ. ಅವರ ಕೈಯ ಪಾನಾ ಅಲ್ಲಿಯೇ ನಿಂತಿತು.

"ಸಾವಿರ ಕಿಲೋಮೀಟರ್ ಓಡತೈತಿ ಅಂತ ನೀವ ಫೋನ ಮಾಡಿ ಹೇಳಿದ್ರೆಲ್ಲ. ನಿಮ್ಮ ಮಾತ ನಂಬಿ ಹೋಗಿದ್ದೆ."

ಮಾಮಾ ನಿನ್ನ ಪ್ಲಾಸ್ಟರು ಹಾಕಿದ ಕೈ ನೋಡಿದರು. ಆಮೇಲೆ ನನ್ನನ್ನು ನೋಡಿದರು. ಒಮ್ಮೆ ಮಾತ್ರ. ಈ ಸೀಮೆಯಲ್ಲಿ ತಮ್ಮ ದನಿ ಬರುವವರು ಇಬ್ಬರೇ ಎಂದು ಅವರಿಗೆ ಗೊತ್ತಿತ್ತು.

"ಹೌದು. ನಂದ ತಪ್ಪು" ಎಂದರು.

'ಹಂಗಲ್ಲ' ಎನ್ನಲಿಲ್ಲ. ಎದುರಿನವರ ಮಾತನ್ನು ಅವರು ಹಾಗೆ ಅನ್ನದೆ ಒಪ್ಪಿಕೊಂಡದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಆಮೇಲಿನದು ನಿನಗೆ ಗೊತ್ತು. ಸಂಪಗಾಂವದಿಂದ ಬೀಜಕ್ಕೆ ಬಂದ ರೈತರಿಗೂ ನೀನು, "ಯರಗಟ್ಟ್ಯಾಗ ಟಯರ್ ತೋರ್ಸಬ್ಯಾಡ್ರಿ, ಕೈ ನೋಡ್ರಿ ನಂದು" ಎಂದು ಮಣಿಕಟ್ಟು ತೋರಿಸಿ ಹೇಳುತ್ತಿದ್ದೆ. ಗೌಡ್ತಿಗೆ ನಾನೇ ಊರಲ್ಲೇ ಸಿಕ್ಕಿದ ಒಂದು ಗಟ್ಟಿ ಟಯರ್ ಹಾಕಿಸಿ ತಂದೆ. ನೀನು ಅದನ್ನು ಅಂಗಡಿಗೆ ಹೋಗಿ ಬರಲು ಮಾತ್ರ ಓಡಿಸಿದೆ. ಅಮಾವಾಸ್ಯೆಗೆ ಅಂಗಡಿ ಮುಚ್ಚಿದರೂ ಎಲ್ಲಿಗೂ ಹೋಗದೆ ಕಟ್ಟೆಯ ಮೇಲೆ ಕೂತಿರುತ್ತಿದ್ದೆ. ಮದುವೆಮನೆಗಳಲ್ಲಿ ಮಂದಿ, "ಭೀಮಪ್ಪಂದು ಮಾಡೋ" ಎಂದರೆ ನಾನು ಮರೆತುಹೋಗಿದೆ ಎನ್ನುತ್ತಿದ್ದೆ. ಎಲ್ಲಿಯ ಮರೆವು? ನನ್ನ ಒಳಗೆ ಹಗಲೆಲ್ಲ ಅದೇ ದನಿ.

ಹೋದ ವಾರ ನೀನು ಹೇಳಿದೆ, ಕೈ ಈಗ ಪೂರಾ ತಿರುಗುತ್ತದೆ, ಗೌಡ್ತಿಯನ್ನು ದೂರ ಒಯ್ಯಬೇಕು, ಹೊಸ ಟಯರ್ ಹಾಕಿಸೋಣ, ಯಾವುದು ಎಂದು ನೀನೇ ನೋಡಿ ಬಾ ಎಂದು. ಟಯರಿನ ವಿಷಯವನ್ನು ನನಗೆ ಒಪ್ಪಿಸಿದೆ — ನನಗೆ! ಎರಡು ಅಂಗಡಿ ತಿರುಗಿದೆ. ಒಬ್ಬ ಮಿರಿಮಿರಿ ಮಿಂಚುವ ಟಯರ್ ತೋರಿಸಿದ. ನನ್ನ ಕಣ್ಣು ತಾನಾಗಿ ಅದರ ಮಗ್ಗುಲಿನ ನಾಲ್ಕು ಅಂಕಿಗಳಿಗೆ ಹೋಯಿತು, ಯಾವ ವಾರ, ಯಾವ ವರ್ಷ ತಯಾರಾದದ್ದು ಎಂದು. ಸಂಜೆ ಕಟ್ಟೆಯ ಮೇಲೆ ನಿನಗೆ ಚಹಾ ಕೊಟ್ಟು ವಿವರಿಸುತ್ತಿದ್ದೆ. ಮಾತಿನ ಭರದಲ್ಲಿ ನನಗೇ ತಿಳಿಯಲಿಲ್ಲ.

"ಹಂಗಲ್ಲ, ಮಿಂಚೂದ ನೋಡಿ ತಗೋಬಾರದು. ಅಂಗಡ್ಯಾಗ ಕುಂತ ಕುಂತ ರಬ್ಬರ್ ಮುದುಕ ಆಗಿರತೈತಿ..."

ಕೆಮ್ಮು ಕೂಡ ಬಂದುಬಿಟ್ಟಿತ್ತು. ನಿನ್ನ ಕೈಯ ಚಹಾದ ಕಪ್ಪು ತುಟಿಯ ಹತ್ತಿರ ನಿಂತಿತು. ನೀನು ನನ್ನನ್ನು ನೋಡಲಿಲ್ಲ, ರಸ್ತೆಯನ್ನು ನೋಡಿದೆ. "ಆ ದನಿ ಕೇಳಿ ಭಾಳ ದಿವ್ಸ ಆತು" ಅಂದೆ. ಚಹಾ ಅರ್ಧಕ್ಕೇ ಬಿಟ್ಟು ಒಳಗೆ ಹೋದೆ. ನಿನಗೆ ಏನಾದರೂ ಹೊಳೆಯಿತೋ, ಬರೀ ನೆನಪಾಯಿತೋ — ಕೇಳುವ ಧೈರ್ಯ ಬರಲಿಲ್ಲ.

ಮರುದಿನ ಬಸ್ಸು ಹತ್ತಿ ಯರಗಟ್ಟಿಗೆ ಹೋದೆ. ಮಾಮಾನ ಕೂದಲು ಪೂರಾ ಬೆಳ್ಳಗಾಗಿದೆ, ಕಿವಿಯ ಹಿಂದಿನ ಕಡ್ಡಿ ಇದೆ. ನನ್ನನ್ನು ಕಂಡು, "ಬೈಲಹೊಂಗಲದಿಂದ ಇಲ್ಲಿಗೆ ಬರಾಕ ಐದ ವರ್ಷ ತಗೊಂಡ್ಯಲ್ಲೋ. ತೆವಳಕೋತ ಬಂದ್ಯಾ?" ಎಂದರು. ನಾನು ಕಾಲು ಹಿಡಿಯಲು ಬಗ್ಗಿದರೆ, "ಏಳು, ಅಲ್ಲಿ ಗ್ರೀಸ್ ಬಿದ್ದೈತಿ" ಎಂದರು.

ಯಾಕೆ ನನ್ನ ಹೆಸರು ಹೇಳಲಿಲ್ಲ ಎಂದು ಕೇಳಿದೆ. ನನ್ನ ಮೇಲಿನ ಮಮತೆಗೆ ಎಂದು ಇಷ್ಟು ವರ್ಷ ನಂಬಿದ್ದೆ. ಅದರಲ್ಲೂ ನನ್ನದೇ ಬಡಿವಾರ ನೋಡು.

"ನಿನ್ನ ಸಲುವಾಗಿ ಅಂತ ತಿಳ್ಕೊಂಡೀಯೇನು? ಹಂಗಲ್ಲಪಾ" ಎಂದರು. "ದೋಸ್ತಗ ನನ್ನ ದನಿ ಗುರ್ತ ಸಿಕ್ಕತು, ನನ್ನ ಮಾತ ಗುರ್ತ ಸಿಗಲಿಲ್ಲ. ಸವದ ಟಯರಿಗಿ ಭೀಮಪ್ಪ ಹೂಂ ಅಂತಾನೇನು ಅಂತ ಒಂದ ಸಲಾರ ಅನಸಬೇಕಿತ್ತು. ಅನಸಲಿಲ್ಲ. ಮುರಿದ ಕೈ ತಗೊಂಡ ಬಂದು 'ಭೀಮಪ್ಪನವರ' ಅಂದ. ಅದಕ್ಕ ಹೌದು ಅಂದೆ. ನಾನೂ ಹಟಮಾರಿನ."

ಮೂಲೆಯಲ್ಲಿ ಗೋಣಿ ಮುಚ್ಚಿದ ಒಂದು ದಪ್ಪ ಟಯರ್ ಇತ್ತು. ಆ ಗುರುವಾರವೇ ನಿನಗಾಗಿ ಹುಬ್ಬಳ್ಳಿಗೆ ಹೇಳಿ ತರಿಸಿದ್ದು. ಯಾರಿಗೂ ಮಾರಿಲ್ಲ. ಅದನ್ನೇ ಹಾಕಿ ಎಂದೆ. ಅವರು ಗೋಣಿ ಸರಿಸಿ ಬೆರಳಿನಿಂದ ಮಗ್ಗುಲು ಒತ್ತಿದರು. ರಬ್ಬರಿನಲ್ಲಿ ಕೂದಲೆಳೆಯಂಥ ಬಿರುಕುಗಳು. "ಓಡದಿದ್ರೂ ವಯಸ್ಸಾಗತೈತಿ. ಇದನ್ನ ದೋಸ್ತನ ಗಾಡಿಗಿ ಹಾಕೂದಿಲ್ಲ. ಹೊಸಾದ ತರಸೂಣು. ಆದ್ರ ನೀ ಹೇಳಿದ್ರ ತರಸೂದಿಲ್ಲ. ಮೊದಲ ಅವಗ ಖರೇ ಹೇಳು. ಆಮ್ಯಾಲ ಅವನ ಫೋನ ಮಾಡಲಿ." ಸ್ವಲ್ಪ ತಡೆದು, "ನೀ ಅವನ ದನಿ ತಗದು ಮಾಡಬ್ಯಾಡ ಮತ್ತ. ನನಗ ಗೊತ್ತಾಗತೈತಿ" ಎಂದರು.

ಗೊತ್ತಾಗುತ್ತದೆ ಕಾಕಾ. ಅವರಿಗೆ ನಿನ್ನ ಮಾತೂ ಗೊತ್ತು.

ಆದರೆ ಅವರ ಸಿಟ್ಟನ್ನು ಇಲ್ಲಿ ಬರೆದದ್ದು ನಿನ್ನ ಮೇಲೆ ತಪ್ಪು ಹೊರಿಸಲು ಅಲ್ಲ. ನೀನು ಮೋಸಹೋಗುವ ಹಾಗೆ ನಾನು ಮೋಸ ಮಾಡಿದ್ದೆ, ಅಷ್ಟೇ. ನಿನ್ನ ಮಣಿಕಟ್ಟಿನ ಪ್ಲೇಟು ನನ್ನದು. ನೀವಿಬ್ಬರೂ ಸಿರಸಂಗಿಗೆ ಹೋಗದೆ ಕಳೆದ ಅಮಾವಾಸ್ಯೆಗಳೆಲ್ಲ ನನ್ನವು. ಅವನ್ನು ಯಾವ ಅಂಗಡಿಯಿಂದಲೂ ತರಿಸಿಕೊಡಲಾರೆ.

ನಾಳೆ ಬೆಳಿಗ್ಗೆ ನೀನು ಅಂಗಡಿ ತೆರೆಯುವ ಮುಂಚೆ ಕಟ್ಟೆಯ ಮೇಲೆ ನಿನ್ನ ಎದುರು ಕೂತು ಇದನ್ನು ನಾನೇ ಓದುತ್ತೇನೆ. ನನ್ನ ಸ್ವಂತ ದನಿ ಹೇಗಿದೆ ಎಂದು ನನಗೇ ಸರಿಯಾಗಿ ಗೊತ್ತಿಲ್ಲ, ನಡುಗಿದರೆ ಅದೇ ಎಂದು ತಿಳಿ. ನೀನು ಬಯ್ಯಬಹುದು, ಒಳ್ಳೆಯ ಕೈಯಿಂದ ಹೊಡೆಯಬಹುದು, ನಾಳೆಯಿಂದ ಈ ಹೊಸ್ತಿಲು ತುಳಿಯಬೇಡ ಎನ್ನಬಹುದು.

ಓದಿ ಮುಗಿಸಿ, ನಿನ್ನ ಕನ್ನಡಕ ಹುಡುಕಿ ತಂದು ಫೋನಿನ ಪಕ್ಕದಲ್ಲಿ ಇಡುತ್ತೇನೆ. ಭೀಮಪ್ಪ ಮಾಮಾನ ನಂಬರನ್ನು ನೀನೇ ನೋಡಿ ಒತ್ತು. ಒತ್ತದಿದ್ದರೂ ಕೇಳುವ ಹಕ್ಕು ನನಗಿಲ್ಲ. ನೀನು ಒತ್ತಿ, ಆ ಕಡೆಯಿಂದ "ಹಂಗಲ್ಲ ದೋಸ್ತ" ಎಂದು ಬಂದರೆ — ಅಲ್ಲಿಯೇ ಕೆಳಗಿನ ಮೆಟ್ಟಿಲ ಮೇಲೆ ಕೂತಿರುತ್ತೇನೆ, ಬಾಯಿ ಮುಚ್ಚಿಕೊಂಡು.